ಧಾರವಾಡದಲ್ಲಿ ಕೂತು ಆಸ್ಟ್ರೇಲಿಯಾ ಪೆನ್ಷನ್ ಕೇಳಬಹುದಾ? ನಾನೀಗ ಯಾವ ದೇಶದ ರೆಸಿಡೆಂಟ್?

ಮಾಳಮಡ್ಡಿ ಮಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ನಾನು 1960ರ ಜುಲೈನಲ್ಲಿ ಹುಟ್ಟಿದವನು. ಹುಬ್ಬಳ್ಳಿಯ ಒಂದು ಕಾರ್ಖಾನೆಯಲ್ಲಿ ಹದಿನೇಳು ವರ್ಷ ದುಡಿದು, 2003ರ ಜನವರಿಯಲ್ಲಿ ಪಿಆರ್, ಅಂದರೆ ಕಾಯಂ ವಾಸದ ವೀಸಾ ಮೇಲೆ ಮೆಲ್ಬರ್ನ್‌ಗೆ ಹೋದೆ. ಅಲ್ಲಿ 22 ವರ್ಷ ಮಷಿನ್ ಶಾಪ್ ಕೆಲಸ. ಈಗ ಪಾಸ್‌ಪೋರ್ಟ್ ಆಸ್ಟ್ರೇಲಿಯಾದ್ದು, ಇಲ್ಲಿಗೆ ಒಸಿಐ ಕಾರ್ಡ್, ಅಂದರೆ ಹೊರದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವುದು.

2024ರ ಡಿಸೆಂಬರ್‌ನಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. 28ಕ್ಕೆ ನಾನು ಬಂದೆ. ಒಂದು ತಿಂಗಳು ಅಂತ ಬಂದವನು. ಅವಳಿಗೆ ಈಗ 86. ವಾಕರ್ ಹಿಡಿದು ಹಿತ್ತಲವರೆಗೂ ಹೋಗುತ್ತಾಳೆ, ಆದರೆ ಒಬ್ಬಳನ್ನೇ ಬಿಡುವ ಹಾಗಿಲ್ಲ. ಹೇಗೂ ನಿವೃತ್ತಿ ಹತ್ತಿರ ಇತ್ತು, ಕೆಲಸಕ್ಕೆ ರಾಜೀನಾಮೆ ಕಳಿಸಿ ಇಲ್ಲೇ ಉಳಿದೆ. ನನ್ನ ಹೆಂಡತಿ ಮೆಲ್ಬರ್ನ್‌ನಲ್ಲೇ ಇದ್ದಾಳೆ. ಮಗಳಿಗೆ ಎರಡನೇ ಕೂಸು ಆಗಿದೆ, ಅವಳೂ ಬಿಟ್ಟು ಬರುವಂತಿಲ್ಲ. ಅಲ್ಲೇ ಟಾರ್ನೀಟ್ ಬಡಾವಣೆಯಲ್ಲಿ 2008ರಲ್ಲಿ ಕೊಂಡ ಮನೆ ಇಬ್ಬರ ಹೆಸರಿನಲ್ಲೂ ಇದೆ, ಅವಳು ಅದರಲ್ಲೇ ಇರುವುದು. ನನ್ನ ಸೂಪರ್ ಹಣ, ಅಂದರೆ ನಮ್ಮ ಪಿಎಫ್ ಥರದ್ದು, ಇನ್ನೂ ಮುಟ್ಟಿಲ್ಲ. ಇಲ್ಲಿ ಅಣ್ಣಿಗೇರಿ ಹತ್ತಿರ ಅಪ್ಪನಿಂದ ಬಂದ ಆರು ಎಕರೆ ಎರೆ ಹೊಲ ಇದೆ. ಉತಾರದಲ್ಲಿ ನನ್ನ ಹೆಸರು. ಲಾವಣಿಗೆ ಕೊಟ್ಟಿದ್ದೇನೆ.

ಈಗ ಪ್ರಶ್ನೆ. 2027ರ ಜುಲೈಗೆ ನನಗೆ 67 ತುಂಬುತ್ತೆ, ಏಜ್ ಪೆನ್ಷನ್, ಅಂದರೆ ಅಲ್ಲಿನ ಸರ್ಕಾರ ವಯಸ್ಸಾದವರಿಗೆ ಕೊಡುವ ಪೆನ್ಷನ್ ವಯಸ್ಸು. ಅರ್ಜಿ ಹಾಕಲು ಮೆಲ್ಬರ್ನ್‌ಗೆ ಹೋಗಿ ಕೂರಲೇಬೇಕಾ? ಅಲ್ಲಿನ ಒಬ್ಬ ಏಜೆಂಟ್, ಒಂದು ಟಿಕೆಟ್ ತಗೊಂಡು ಬನ್ನಿ, ಅರ್ಜಿ ಹಾಕಿ ವಾಪಸ್ ಹೋಗಿ, ಅಷ್ಟೇ ಅಂದ. ಇಲ್ಲಿನ ಒಬ್ಬ ಲೆಕ್ಕಪರಿಶೋಧಕರು, ಹೊರದೇಶದ ಪೆನ್ಷನ್‌ಗೆ ಇಲ್ಲಿ ಟ್ಯಾಕ್ಸೇ ಇಲ್ಲ, ಆರಾಮ ಇರ್ರಿ ಅಂದರು. ಇಬ್ಬರ ಮೇಲೂ ನನಗೆ ನಂಬಿಕೆ ಬರುತ್ತಿಲ್ಲ.

ನಾನೇ ಕೇಳೋಣ ಅಂದರೆ ಪೆನ್ಷನ್ ನೋಡಿಕೊಳ್ಳುವ ಅಲ್ಲಿನ ಸರ್ಕಾರಿ ಕಚೇರಿ ಸೆಂಟ್ರಲಿಂಕ್‌ನ ಫೋನು ತೆರೆಯುವುದು ಅಲ್ಲಿ ಬೆಳಿಗ್ಗೆ 8ಕ್ಕೆ. ನಮಗೆ ಈಗ ಅದು ರಾತ್ರಿ ಎರಡೂವರೆ. ಪಡಸಾಲೆಯಲ್ಲಿ ಲೈಟ್ ಹಾಕದೆ, ಅವರ ಹೋಲ್ಡ್ ಸಂಗೀತ ಕೇಳುತ್ತ ನಲವತ್ತು ನಿಮಿಷ ಕೂತೆ. ಇನ್ನೇನು ಯಾರೋ ಎತ್ತಿದರು ಅನ್ನುವಷ್ಟರಲ್ಲಿ ಒಳಗಿಂದ ಅವ್ವ, "ಯಾರು ಬಂದಾರೋ ತಮ್ಮಾ ಇಷ್ಟ್ ಹೊತ್ನ್ಯಾಗ?" ಅಂತ ಕೂಗಿ ಎದ್ದು ನಿಂತೇಬಿಟ್ಟಳು. ವಾಕರ್ ಇಲ್ಲದೆ. ಫೋನ್ ಅಲ್ಲೇ ಬಿಟ್ಟು ಓಡಿದೆ. ಅಲ್ಲಿನ ಸರ್ಕಾರಿ ಕೆಲಸಕ್ಕೆಲ್ಲ ಬೇಕಾದ ಮೈಗವ್ ಆನ್‌ಲೈನ್ ಖಾತೆಗೂ ಹೋಗಲಾಗುತ್ತಿಲ್ಲ. ಅದರ ಕೋಡ್ ಬರುವುದು ಮೆಲ್ಬರ್ನ್ ಸಿಮ್‌ಗೆ, ಆ ಸಿಮ್ ರೀಚಾರ್ಜ್ ಇಲ್ಲದೆ ಸತ್ತು ಮೂರು ತಿಂಗಳಾಯಿತು.

ತಿಳಿದವರು ಹೇಳಿ.

ರಾಣೆಬೆನ್ನೂರು ಅಜ್ಜ

ನನಗೆ 71, ನೀವು ಸಣ್ಣವರು, ತಮ್ಮಾ ಅನ್ನುತ್ತೇನೆ. ತಮ್ಮಾ, ಮೊದಲು ಆ ಟಿಕೆಟ್ ವಿಚಾರ ಬಿಡಿ.

ಭಾರತ–ಆಸ್ಟ್ರೇಲಿಯಾ ನಡುವೆ ಸಾಮಾಜಿಕ ಭದ್ರತೆ ಒಪ್ಪಂದ 2016ರ ಜನವರಿ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಏಜ್ ಪೆನ್ಷನ್ ಅರ್ಜಿಯನ್ನು ಭಾರತದಲ್ಲಿ ಇದ್ದುಕೊಂಡೇ ಹಾಕಬಹುದು. ನಾನು ಹಾಗೇ ಹಾಕಿದ್ದು. ಅಡಿಲೇಡ್‌ನಲ್ಲಿ 16 ವರ್ಷ ಇದ್ದೆ, 66ಕ್ಕೆ ಸಿಕ್ಕಿತು. ನಿಮ್ಮ ಕಾಲಕ್ಕೆ 67 ಆಗಿದೆ. ವಯಸ್ಸು ತುಂಬುವ 13 ವಾರ ಮೊದಲೇ ಅರ್ಜಿ ತಗೊಳ್ಳುತ್ತಾರೆ. ಅಂದರೆ ನಿಮಗೆ 2027ರ ಏಪ್ರಿಲ್‌ನಿಂದ.

ಏಜೆಂಟ್ ಹೇಳಿದ್ದು ಯಾಕೆ ಅಪಾಯ ಅಂದರೆ, ಅಲ್ಲಿ ಎರಡು ವರ್ಷದ ನಿಯಮ ಒಂದಿದೆ. ಒಮ್ಮೆ ಬಿಟ್ಟು ಬಂದವರು ಮತ್ತೆ ಹೋಗಿ, ಅಲ್ಲೇ ನೆಲೆಸುತ್ತೇನೆ ಅಂತ ಪೆನ್ಷನ್ ಶುರು ಮಾಡಿಸಿಕೊಂಡರೆ, ಎರಡು ವರ್ಷದೊಳಗೆ ದೇಶ ಬಿಟ್ಟ ಕೂಡಲೇ ಅದು ನಿಲ್ಲುತ್ತೆ. ನನ್ನ ಪರಿಚಯದವರೊಬ್ಬರು ಹೀಗೆ ಮಾಡಿ, ಐದು ತಿಂಗಳಿಗೆ ಮೊಮ್ಮಗನ ಜವಳ ಅಂತ ಹಾವೇರಿಗೆ ಬಂದರು. ಖಾತೆಗೆ ಬೀಳುವುದು ನಿಂತಿತು. ಜವಳಕ್ಕೆ ಅಷ್ಟು ದುಬಾರಿ ಊಟ ಯಾರೂ ಹಾಕಿರಲಿಕ್ಕಿಲ್ಲ.

ಆದರೆ ಪೂರ್ತಿ ಪೆನ್ಷನ್ ಬರುತ್ತೆ ಅಂತ ತಿಳಿಯಬೇಡಿ. 16ನೇ ವಯಸ್ಸಿನಿಂದ ಪೆನ್ಷನ್ ವಯಸ್ಸಿನವರೆಗೆ ಎಷ್ಟು ತಿಂಗಳು ಅಲ್ಲಿನ ನಿವಾಸಿ ಆಗಿದ್ದಿರಿ ಅಂತ ಎಣಿಸುತ್ತಾರೆ. ಹೊರದೇಶದಲ್ಲಿ ಪೂರ್ತಿ ದರ ಬೇಕಾದರೆ 35 ವರ್ಷ, ಅಂದರೆ 420 ತಿಂಗಳು ಇರಬೇಕು. ನಿಮ್ಮದು 22 ವರ್ಷ, 264 ತಿಂಗಳು. ರೂಪಾಯಿಗೆ ಅರವತ್ಮೂರು ಪೈಸೆ ಹತ್ತಿರ. ನನ್ನದು 192 ತಿಂಗಳು, ಅರ್ಧಕ್ಕೂ ಕಡಿಮೆ. ಹುಬ್ಬಳ್ಳಿಯ ಹದಿನೇಳು ವರ್ಷವನ್ನು ಒಪ್ಪಂದದಲ್ಲಿ ಸೇರಿಸಬಹುದು, ಆದರೆ ಅದು 10 ವರ್ಷದ ಕನಿಷ್ಠ ಅರ್ಹತೆ ಮುಟ್ಟಿಸಲು ಮಾತ್ರ. ನಿಮಗೆ ಅದರ ಅಗತ್ಯವೇ ಇಲ್ಲ, ದರವೂ ಅದರಿಂದ ಏರಲ್ಲ.

ಹೊರದೇಶದವರಿಗೆ ನಾಲ್ಕು ವಾರಕ್ಕೊಮ್ಮೆ ಹಾಕುತ್ತಾರೆ. ಹೊಲ ಮುಚ್ಚಿಡಬೇಡಿ. ಆಸ್ತಿ, ಆದಾಯ ಎರಡನ್ನೂ ನೋಡುತ್ತಾರೆ, ಅಣ್ಣಿಗೇರಿಯದ್ದಾದರೂ ಅಷ್ಟೇ. ನೀವು ವಾಸ ಇರುವ ಮನೆ ಮಾತ್ರ ಬಿಡುತ್ತಾರೆ. ಲಾವಣಿ ಹಣ ನಮ್ಮ ಸರ್ಕಾರಕ್ಕೆ ಕೃಷಿ ಆದಾಯ, ತೆರಿಗೆ ಇಲ್ಲ. ಅವರಿಗೆ ಅದು ಬರೀ ಆದಾಯ.

ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಇಲ್ಲಿ ನಡೆಯಲ್ಲ. ಔಷಧಿ ರೊಕ್ಕ ಬೇರೆ ಇಟ್ಟುಕೊಳ್ಳಿ.

ವಾಯವ್ಯ ಸಾರಿಗೆ ನಿವೃತ್ತ

ನಾನು 31 ವರ್ಷ ಗದಗ–ಹುಬ್ಬಳ್ಳಿ ರೂಟಿನಲ್ಲಿ ಸ್ಟೀರಿಂಗ್ ಹಿಡಿದವನು. ಪಿಎಫ್ ಜೊತೆಗಿನ ಇಪಿಎಸ್ 95 ಪೆನ್ಷನ್. ಅದರ ಕನಿಷ್ಠ 2014ರಿಂದ ತಿಂಗಳಿಗೆ ಒಂದು ಸಾವಿರ ರೂಪಾಯಿ, ಇನ್ನೂ ಅಷ್ಟೇ ಇದೆ. ನಿಮ್ಮ ಅರವತ್ಮೂರು ಪೈಸೆ ದುಃಖ ಓದಿ ಚಹಾ ತಣ್ಣಗಾಯಿತು. ತಪ್ಪು ತಿಳಿಯಬೇಡಿ ಸರ್, ಸುಮ್ನೆ ಅಂದೆ. ಅವ್ವನನ್ನು ನೋಡಿಕೊಳ್ಳಲು ಬಂದಿದ್ದೀರಿ, ಅದು ದೊಡ್ಡದು.

ವಿದ್ಯಾನಗರ ಅಕ್ಕ

ಅಜ್ಜಾರು ಆ ಕಡೆಯದ್ದು ಹೇಳಿದರು. ನಾನು ಬ್ಯಾಂಕಿನಲ್ಲಿದ್ದವಳು, ನನ್ನ ತಮ್ಮ ಪರ್ತ್‌ನಿಂದ ವಾಪಸ್ ಬಂದಾಗ ಇದೇ ಲೆಕ್ಕ ಮಾಡಿದ್ದೆ. ಈ ಕಡೆಯದ್ದು ನಾನು ಹೇಳುತ್ತೇನೆ.

ಅಣ್ಣಾ, ನೀವು 'ರೆಸಿಡೆಂಟ್' ಅಂತ ಒಂದೇ ಮಾತು ಬರೆದಿದ್ದೀರಿ. ಅದು ಮೂರು. ಸೆಂಟ್ರಲಿಂಕ್‌ನ ನಿವಾಸಿ ಬೇರೆ, ಆಸ್ಟ್ರೇಲಿಯಾ ತೆರಿಗೆ ಇಲಾಖೆಯ ನಿವಾಸಿ ಬೇರೆ, ನಮ್ಮ ಆದಾಯ ತೆರಿಗೆಯ ನಿವಾಸಿ ಬೇರೆ. ಒಂದು ಕಡೆ ಹೌದು ಅಂದರೆ ಇನ್ನೊಂದು ಕಡೆ ಅಲ್ಲ ಅಂತೇನೂ ಇಲ್ಲ. ವರ್ಷವೂ ಬೇರೆ. ಅಲ್ಲಿ ಜುಲೈನಿಂದ ಜೂನ್, ಇಲ್ಲಿ ಏಪ್ರಿಲ್‌ನಿಂದ ಮಾರ್ಚ್.

ನಮ್ಮದು ದಿನದ ಲೆಕ್ಕ. 2024–25ರಲ್ಲಿ ಡಿಸೆಂಬರ್ 28ರಿಂದ ಮಾರ್ಚ್ 31ರವರೆಗೆ 94 ದಿನ. ಅದಕ್ಕೂ ಹಿಂದಿನ ನಾಲ್ಕು ವರ್ಷದಲ್ಲಿ ನೀವು ಇಲ್ಲಿದ್ದದ್ದು ಒಟ್ಟು 365 ದಿನಕ್ಕಿಂತ ಕಡಿಮೆ ಇದ್ದರೆ ಆ ವರ್ಷ ಅನಿವಾಸಿಯೇ. 2025–26ರಲ್ಲಿ 182 ದಾಟಿದ್ದೀರಿ, ನಿವಾಸಿ. ಆದರೆ ಹಿಂದಿನ ಹತ್ತು ವರ್ಷದಲ್ಲಿ ಒಂಬತ್ತು ವರ್ಷ ಅನಿವಾಸಿ ಆಗಿದ್ದವರಿಗೆ 'ಸಾಮಾನ್ಯ ನಿವಾಸಿ ಅಲ್ಲ' ಅಂತ ಒಂದು ದರ್ಜೆ ಇದೆ. ಆ ದರ್ಜೆ ಇರುವವರೆಗೆ ಹೊರದೇಶದ ಆದಾಯಕ್ಕೆ ಇಲ್ಲಿ ತೆರಿಗೆ ಇಲ್ಲ. ನಿಮಗೆ ಅದು 2025–26 ಮತ್ತು 2026–27, ಎರಡು ವರ್ಷ ಸಿಗುತ್ತೆ. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದರೂ ಈ ಲೆಕ್ಕ ಹಾಗೇ ಇದೆ.

2027ರ ಏಪ್ರಿಲ್ 1ಕ್ಕೆ ಆ ಕೊಡೆ ಮಡಚಿಕೊಳ್ಳುತ್ತೆ. ಪೆನ್ಷನ್ ಶುರುವಾಗುವುದು ಜುಲೈಗೆ! ಹಾಗಾಗಿ ಪೆನ್ಷನ್‌ಗೆ ಇಲ್ಲಿ ಟ್ಯಾಕ್ಸೇ ಇಲ್ಲ ಅಂದದ್ದು ತಪ್ಪು. 1991ರ ತೆರಿಗೆ ಒಪ್ಪಂದದಲ್ಲಿ ಇಂಥ ಪೆನ್ಷನ್‌ಗೆ ನೀವು ನಿವಾಸಿಯಾಗಿರುವ ದೇಶದಲ್ಲಿ ಮಾತ್ರ ತೆರಿಗೆ ಅಂತ ಇದೆ. ಅದು ಭಾರತ ಅಂತ ಆದರೆ ಇಲ್ಲೇ ತೋರಿಸಬೇಕು. ಗಾಬರಿ ಬೇಡ, ಹೊಸ ಪದ್ಧತಿಯಲ್ಲಿ ಒಟ್ಟು 12 ಲಕ್ಷದೊಳಗೆ ಇದ್ದರೆ ರಿಬೇಟ್‌ನಲ್ಲಿ ತೆರಿಗೆ ಸೊನ್ನೆಯಾಗುತ್ತೆ.

ಸೂಪರ್ ದೊಡ್ಡ ವಿಷಯ. 60 ದಾಟಿದವರಿಗೆ ಸಾಮಾನ್ಯವಾಗಿ ಅಲ್ಲಿ ತೆರಿಗೆ ಇಲ್ಲ. ಇಲ್ಲಿ ಮಾತ್ರ ಅದರ ಬಗ್ಗೆ ಜಗಳ ಇದೆ. ಹೊರದೇಶದ ನಿವೃತ್ತಿ ಖಾತೆಗೆ ನಮ್ಮವರು ಕೊಟ್ಟ ವಿಶೇಷ ಸವಲತ್ತು ಅಮೆರಿಕ, ಇಂಗ್ಲೆಂಡ್, ಕೆನಡಾಗೆ ಮಾತ್ರ. ಆಸ್ಟ್ರೇಲಿಯಾ ಆ ಪಟ್ಟಿಯಲ್ಲಿಲ್ಲ. ತೆಗೆಯುವ ಮನಸ್ಸಿದ್ದರೆ 2027ರ ಮಾರ್ಚ್ 31ರೊಳಗೆ ತೆಗೆಯಿರಿ. ಇನ್ನೊಂದು ಮಾತು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ: ಹಣ ಮೊದಲು ಮೆಲ್ಬರ್ನ್ ಖಾತೆಗೆ ಬೀಳಲಿ, ಆಮೇಲೆ ಇಲ್ಲಿಗೆ ತನ್ನಿ. ನೇರವಾಗಿ ಧಾರವಾಡದ ಖಾತೆಗೆ ಹಾಕಿಸಿದರೆ ಅದು 'ಭಾರತದಲ್ಲಿ ಕೈಗೆ ಬಂದ ಆದಾಯ' ಆಗುತ್ತೆ, ಆ ದರ್ಜೆಯೂ ಕಾಪಾಡಲ್ಲ. ಇಲ್ಲಿ ಆರ್‌ಎಫ್‌ಸಿ, ಅಂದರೆ ವಾಪಸ್ ಬಂದವರ ವಿದೇಶಿ ಹಣದ ಖಾತೆ ತೆರೆದರೆ ಡಾಲರ್ ಡಾಲರ್ ಆಗೇ ಇಡಬಹುದು.

ಪೂರ್ಣ ನಿವಾಸಿ ಆದ ಮೇಲೆ ಅಲ್ಲಿನ ಖಾತೆ, ಅರ್ಧ ಮನೆ, ಉಳಿದ ಸೂಪರ್ ಎಲ್ಲ ರಿಟರ್ನ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ ಬರಬೇಕು. ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ದಂಡಕ್ಕೆ ಅವಕಾಶ ಇದೆ.

ಹಳೇ ಭೇಟಿಗಳ ದಿನ ಎಣಿಸಿ ಇಟ್ಟುಕೊಳ್ಳಿ. ನಾನು ಹೇಳಿದ್ದೆಲ್ಲ ಆ ಲೆಕ್ಕದ ಮೇಲೆ ನಿಂತಿದೆ.

ಗದಗಿನವ, ಸಿಡ್ನಿಯಿಂದ

ಮನೆ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಕಾಕಾ, ಟಾರ್ನೀಟ್ ಮನೆ ಮಾರುವ ಯೋಚನೆ ಬಂದರೆ ಸಹಿ ಹಾಕುವ ಮೊದಲು ಹತ್ತು ಸಲ ಯೋಚಿಸಿ.

ವಾಸದ ಮನೆ ಮಾರಿದರೆ ಇಲ್ಲಿ ಲಾಭದ ಮೇಲೆ ತೆರಿಗೆ ಇಲ್ಲ, ನಿಮಗೆ ಗೊತ್ತು. ಆದರೆ 2020ರ ಜೂನ್ 30ರ ನಂತರ, ಒಪ್ಪಂದಕ್ಕೆ ಸಹಿ ಹಾಕುವ ದಿನ ನೀವು ತೆರಿಗೆ ಲೆಕ್ಕದಲ್ಲಿ ಹೊರದೇಶದ ನಿವಾಸಿ ಆಗಿದ್ದರೆ ಆ ವಿನಾಯಿತಿ ಹೋಯಿತು. ಹೊರಗೆ ಇದ್ದ ವರ್ಷಗಳದ್ದು ಮಾತ್ರ ಅಲ್ಲ, 2008ರಿಂದ ಎಲ್ಲಾ. ಸಾವು, ವಾಸಿಯಾಗದ ಕಾಯಿಲೆ, ವಿಚ್ಛೇದನ ಇಂಥದ್ದಕ್ಕೆ ಆರು ವರ್ಷದೊಳಗೆ ರಿಯಾಯಿತಿ ಇದೆ, ಅದು ಯಾರಿಗೆ ಬೇಕು ಹೇಳಿ. ಕಾಕಿಯವರ ಅರ್ಧಕ್ಕೆ ತೊಂದರೆ ಇಲ್ಲ, ಅವರು ಇಲ್ಲೇ ಇದ್ದಾರೆ. ಪೆಟ್ಟು ಬೀಳುವುದು ನಿಮ್ಮ ಅರ್ಧಕ್ಕೆ. 2025ರ ಜನವರಿಯಿಂದ ಮಾರುವವರು ತಾವು ಇಲ್ಲಿನ ತೆರಿಗೆ ನಿವಾಸಿ ಅನ್ನುವ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೊಡದಿದ್ದರೆ ಮನೆಯ ಬೆಲೆ ಎಷ್ಟೇ ಇರಲಿ, ಕೊಳ್ಳುವವರು 15% ಹಿಡಿದು ತೆರಿಗೆ ಇಲಾಖೆಗೆ ಕಟ್ಟುತ್ತಾರೆ.

ನೀವೀಗ ಹೊರದೇಶದ ನಿವಾಸಿ ಆಗಿದ್ದೀರಾ ಅನ್ನೋದೇ ನನಗೆ ಅನುಮಾನ. ಇಲ್ಲಿ 183 ದಿನ ಇಲ್ಲ ಅಂದ ಮಾತ್ರಕ್ಕೆ ಬಿಡಲ್ಲ. ಕಾಯಂ ವಾಸ ಹೊರಗೆ ಆಗಿದೆಯಾ ಅಂತ ನೋಡುತ್ತಾರೆ. ಹೆಂಡತಿ ಇಲ್ಲಿ, ಮನೆ ಇಲ್ಲಿ. ನೀವು ಅಲ್ಲಿ ಅವ್ವನ ಮನೆಯಲ್ಲಿ, ಎಷ್ಟು ದಿನ ಅಂತ ನಿಮಗೇ ಗೊತ್ತಿಲ್ಲ. ಎರಡೂ ದೇಶ ನಮ್ಮವನು ಅಂದರೆ ಒಪ್ಪಂದದಲ್ಲಿ ಮನೆ, ವಾಸ, ನಂಟು ಎಲ್ಲಿ ಜಾಸ್ತಿ ಅಂತ ತೂಗುತ್ತಾರೆ. ಇದಕ್ಕೆ ಎರಡೂ ಕಡೆ ತಿಳಿದವರಿಗೆ ಫೀ ಕೊಟ್ಟು ಬರಹದಲ್ಲಿ ಸಲಹೆ ತಗೊಳ್ಳಿ. ಹೊರದೇಶದ ನಿವಾಸಿ ಅಂತ ಆದರೆ 18,200 ಡಾಲರ್‌ವರೆಗಿನ ತೆರಿಗೆ ಇಲ್ಲದ ಮಿತಿ ಹೋಗುತ್ತೆ, ಮೊದಲ ಡಾಲರ್‌ನಿಂದಲೇ 30%. ಬ್ಯಾಂಕ್ ಬಡ್ಡಿಗೆ ಮಾತ್ರ 10% ಹಿಡಿದು ಮುಗಿಸುತ್ತಾರೆ.

ಸಿಮ್ ವಿಚಾರ: ಕಾಕಿಯವರಿಗೆ ಅದೇ ನಂಬರ್ ವಾಪಸ್ ಸಿಗುತ್ತಾ ಅಂತ ಅಂಗಡಿಯಲ್ಲಿ ಕೇಳಲು ಹೇಳಿ. ಒಮ್ಮೆ ಒಳಗೆ ಹೋದಿರಿ ಅಂದರೆ ಮೈಗವ್‌ನಲ್ಲಿ ಪಾಸ್‌ಕೀ, ಅಂದರೆ ಫೋನಿನ ಬೆರಳಚ್ಚು ಅಥವಾ ಪಿನ್‌ನಿಂದಲೇ ತೆರೆಯುವ ಕೀಲಿ ಹಾಕಿಕೊಳ್ಳಿ, ಆಮೇಲೆ ಎಸ್ಎಂಎಸ್ ಹಂಗಿಲ್ಲ.

ಮಾಳಮಡ್ಡಿ ಮಗ

ಎಲ್ಲರಿಗೂ ದೊಡ್ಡ ನಮಸ್ಕಾರ. ಟಿಕೆಟ್ ಬುಕ್ ಮಾಡಿಲ್ಲ. ಮನೆ ಮಾರುವ ಮಾತು ಹೆಂಡತಿ ಹತ್ತಿರ ಸದ್ಯಕ್ಕೆ ಎತ್ತಲ್ಲ. ಸಾರಿಗೆಯವರೇ, ಒಂದು ದಿನ ಚಿಗರಿ ಬಸ್ ಹತ್ತಿ ಬನ್ನಿ, ಲೈನ್ ಬಜಾರದಲ್ಲಿ ಬಿಸಿ ಚಹಾ ನನ್ನದು.

ಅಕ್ಕಾ, ದಿನ ಎಣಿಸಿದೆ. ಹಳೇ ಪಾಸ್‌ಪೋರ್ಟ್ ಮೆಲ್ಬರ್ನ್‌ನಲ್ಲಿದೆ, ಹೆಂಡತಿ ಫೋಟೋ ಕಳಿಸುವವರೆಗೆ ಏನು ಮಾಡೋದು ಅಂತ ಕೂತಿದ್ದಾಗ ಅವ್ವನ ಕ್ಯಾಲೆಂಡರ್‌ಗಳು ಕಣ್ಣಿಗೆ ಬಿದ್ದವು. ಹಳೆಯವನ್ನೆಲ್ಲ ಒಂದು ಟ್ರಂಕಿನಲ್ಲಿ ಇಟ್ಟಿದ್ದಾಳೆ. ಪ್ರತಿ ತಾರೀಖಿನ ಕೆಳಗೆ ಹಾಲಿನ ಲೆಕ್ಕ. ಒಬ್ಬಳೇ ಇದ್ದಾಗ ಅರ್ಧ ಲೀಟರ್, ನಾನು ಬಂದ ದಿನದಿಂದ ಒಂದೂವರೆ. 2020, 2021 ಪೂರ್ತಿ ಅರ್ಧ, ಅರ್ಧ, ಅರ್ಧ. 2022ರಲ್ಲಿ 41 ದಿನ ಒಂದೂವರೆ, 2023ರ ನವೆಂಬರ್‌ನಲ್ಲಿ 30, 2024ರ ಜನವರಿಯಲ್ಲಿ 19. 365ರ ಹತ್ತಿರವೂ ಬರಲ್ಲ.

ಆಮೇಲೆ ಪಾಸ್‌ಪೋರ್ಟ್ ಫೋಟೋ ಬಂತು. ಎಲ್ಲಾ ತಾಳೆಯಾಯಿತು, ನವೆಂಬರ್ ಒಂದು ಬಿಟ್ಟು. ಮುದ್ರೆ ಪ್ರಕಾರ ನಾನಿದ್ದದ್ದು 26 ದಿನ. ಹೋದ ಮೇಲೂ ನಾಲ್ಕು ದಿನ ಒಂದೂವರೆ ಲೀಟರ್ ಬರೆದಿದೆ. ಯಾಕೆ ಅಂತ ಅವ್ವನನ್ನು ಕೇಳಿದೆ.

"ಹಾಲಿನವಗ ಬ್ಯಾಡ ಅಂತ ಹೇಳಾಕ ಮನಸ್ ಬರ್ಲಿಲ್ಲ" ಅಂದಳು.

26 ಅಂತ ಬರೆದುಕೊಂಡೆ.