ಎಪ್ಪತ್ತು ದಾಟಿದರೆ ನಡುಗುವ ಸ್ಟೀರಿಂಗ್: ಮಿನಿಬಸ್ ಮಾಲೀಕರೊಬ್ಬರ ಪ್ರಶ್ನೆಗೆ ಬಂದ ಅನುಭವಗಳು

ತುಮಕೂರು, ಪ್ರವಾಸಿ ವಾಹನದ ಮಾಲೀಕರು:
ನನ್ನದು 26 ಸೀಟಿನ ಮಿನಿಬಸ್. ಮುಂದೆ ಎರಡೂ ಚಕ್ರಗಳನ್ನು ಸೇರಿಸುವ ಇಡೀ ಆಕ್ಸಲ್, ಉಕ್ಕಿನ ಪಟ್ಟಿಗಳನ್ನು ಜೋಡಿಸಿದ ಪ್ಲೇಟ್ ಸ್ಪ್ರಿಂಗ್, ಟೈರ್ 7.50 ಆರ್ 16 ರೇಡಿಯಲ್. ಊರೊಳಗೆ ಯಾವ ತಕರಾರೂ ಇಲ್ಲ. ಹೆದ್ದಾರಿ 48ರಲ್ಲಿ ಶಿರಾ ಕಡೆಗೆ ಹೋಗುವಾಗ ವೇಗ 70 ದಾಟಿತೋ, ಸ್ಟೀರಿಂಗ್ ನಡುಗಲು ಶುರು. ಸ್ಪೀಡ್ ಗವರ್ನರ್ ಇರುವುದರಿಂದ 80ರ ಮೇಲೆ ಏನಾಗುತ್ತದೆ ಎಂದು ನೋಡುವಂತೆಯೂ ಇಲ್ಲ. ಎರಡು ಕಡೆ ಅಲೈನ್‌ಮೆಂಟ್ ಮಾಡಿಸಿದ್ದಾಯಿತು. ಈಗ ಒಬ್ಬರು ಸ್ಟೀರಿಂಗ್ ಬಾಕ್ಸನ್ನೇ ಬದಲಿಸಿ ಎನ್ನುತ್ತಿದ್ದಾರೆ. ಅಷ್ಟು ಹಣ ಸುರಿಯುವ ಮೊದಲು ಏನೇನು ನೋಡಬೇಕು? ಅನುಭವ ಇದ್ದವರು ತಿಳಿಸಿ.

ಹುಬ್ಬಳ್ಳಿ, ಟೈರ್ ಅಂಗಡಿ:
ಸ್ಟೀರಿಂಗ್ ಬಾಕ್ಸಿಗೆ ಸದ್ಯಕ್ಕೆ ಕೈ ಹಾಕಬೇಡಿ. ಅದು ಸವೆದರೆ ಸ್ಟೀರಿಂಗ್ ಸಡಿಲವಾಗುತ್ತದೆ, ಚಕ್ರ ತಿರುಗಲು ತಡವಾಗುತ್ತದೆ. ತಾನಾಗಿ ನಡುಕ ಹುಟ್ಟಿಸುವುದಿಲ್ಲ. ಅಲೈನ್‌ಮೆಂಟ್ ಎಂಬುದು ಚಕ್ರಗಳು ನೆಟ್ಟಗೆ ನೋಡುತ್ತಿವೆಯೇ ಎಂಬ ಲೆಕ್ಕ. ಅದು ತಪ್ಪಿದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ, ಟೈರಿನ ಅಂಚು ಕಟಿಂಗ್ ಆಗುತ್ತದೆ. ಗಿರಾಕಿ ಸ್ಟೀರಿಂಗ್ ಎಂದು ಬಾಯಿ ಬಿಟ್ಟ ಕೂಡಲೇ ಗಾಡಿಯನ್ನು ಅಲೈನ್‌ಮೆಂಟಿಗೆ ಹತ್ತಿಸುವುದು ನಮ್ಮ ಕಸುಬಿನವರಿಗೆ ಅಂಟಿದ ಚಾಳಿ.

ಒಂದು ವೇಗಕ್ಕೆ ಬಂದಾಗ ಮಾತ್ರ ಕಾಣಿಸಿಕೊಳ್ಳುವ ನಡುಕಕ್ಕೆ ಮೊದಲ ಅನುಮಾನ ಚಕ್ರದ ಬ್ಯಾಲೆನ್ಸಿಂಗ್ ಮೇಲೆ, ಅಂದರೆ ಚಕ್ರದ ಸುತ್ತಲೂ ತೂಕ ಸಮನಾಗಿದೆಯೇ ಎಂಬುದರ ಮೇಲೆ. ಸಮ ಮಾಡಲು ರಿಮ್ಮಿಗೆ ಸೀಸದ ಸಣ್ಣ ತೂಕ ಹೊಡೆದಿರುತ್ತಾರೆ. ರಿಮ್ಮಿನ ಅಂಚನ್ನು ಒಮ್ಮೆ ಬಟ್ಟೆಯಿಂದ ಒರೆಸಿ ನೋಡಿ. ಸುತ್ತಲೂ ಕಪ್ಪಾಗಿರುವ ಅಂಚಿನಲ್ಲಿ ಬೆರಳುದ್ದದ ಒಂದು ಜಾಗ ಮಾತ್ರ ಹೊಸದಾಗಿ ಹೊಳೆಯುತ್ತಿದ್ದರೆ, ಅಲ್ಲಿದ್ದ ಸೀಸದ ತೂಕ ಎಲ್ಲೋ ಉದುರಿದೆ ಎಂದರ್ಥ. ಆಮೇಲೆ ಬಗ್ಗಿ ರಿಮ್ಮಿನ ಒಳಮೈ ನೋಡಿ. ನಮ್ಮ ಕಡೆಯ ಎರೆಮಣ್ಣು ಒಮ್ಮೆ ಹಿಡಿದು ಒಣಗಿದರೆ ಉಳಿ ಹಾಕಿ ಕೆತ್ತಬೇಕಾಗುತ್ತದೆ. ಮಳೆಗಾಲದಲ್ಲಿ ಜಾತ್ರೆಯ ಬಯಲಲ್ಲಿ ನಿಂತು ಬಂದ ಗಾಡಿಗಳಲ್ಲಿ ಎಷ್ಟೋ ಸಲ ಕಾಯಿಲೆ ಇಷ್ಟೇ.

ಬ್ಯಾಲೆನ್ಸಿಂಗ್ ಎಲ್ಲಿ ಮಾಡಿಸುತ್ತೀರಿ ಎಂಬುದೂ ಮುಖ್ಯ. ಕಾರಿಗೆಂದು ಇಟ್ಟ ಯಂತ್ರದ ಮೇಲೆ ನಿಮ್ಮ ಚಕ್ರ ಸರಿಯಾಗಿ ಕೂರುವುದಿಲ್ಲ. ನಡುವಿನ ರಂಧ್ರ ದೊಡ್ಡದು; ಚಕ್ರವನ್ನು ನಡುವಿಗೆ ಹಿಡಿಯುವ ಕೋನ್ ಸಾಲದೆ ಚಕ್ರ ಒಂದಿಷ್ಟು ಸರಿದು ಕೂತರೂ ಪರದೆಯ ಮೇಲಿನ ಗ್ರಾಂ ಲೆಕ್ಕವೆಲ್ಲ ಸುಳ್ಳು. ಸೊನ್ನೆ ಬಂದ ಮೇಲೆ ಚಕ್ರವನ್ನು ಸಡಿಲಿಸಿ, ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿದು ಓಡಿಸಲು ಹೇಳಿ. ಮತ್ತೂ ಸೊನ್ನೆಯ ಆಸುಪಾಸಿನಲ್ಲೇ ಇದ್ದರೆ ನಂಬಬಹುದು. ಹುಡುಗ ಮುಖ ಸಿಂಡರಿಸಿದರೆ ಹಣ ಉಳಿಸಿಕೊಂಡು ಮುಂದಿನ ಅಂಗಡಿಗೆ ಹೋಗಿ.

ಹಿರಿಯೂರು, ಲಾರಿ ಮಾಲೀಕರು:
ಯಂತ್ರಕ್ಕೂ ಮೊದಲು ಖರ್ಚಿಲ್ಲದ ಪರೀಕ್ಷೆ ಒಂದಿದೆ. ಮುಂದಿನ ಚಕ್ರವನ್ನು ಬಿಚ್ಚಿ ಹಿಂದಿನ ಜೋಡಿಚಕ್ರಗಳಲ್ಲಿ ಹೊರಗಿನದರ ಜಾಗಕ್ಕೆ, ಅದನ್ನು ಮುಂದಕ್ಕೆ ಹಾಕಿ ಅದೇ ರಸ್ತೆಯಲ್ಲಿ ಓಡಿಸಿ. ಒಂದು ಸಲಕ್ಕೆ ಒಂದೇ ಬದಿ. ನಡುಕ ಸ್ಟೀರಿಂಗ್ ಬಿಟ್ಟು ಸೀಟಿಗೆ ಇಳಿದರೆ ಆ ಚಕ್ರವೇ ಕಳ್ಳ. ಏನೂ ಬದಲಾಗದಿದ್ದರೆ ಇನ್ನೊಂದು ಬದಿ. ಎರಡೂ ಬದಿ ಬದಲಿಸಿದರೂ ಜಪ್ಪಯ್ಯ ಎನ್ನದಿದ್ದರೆ ಚಕ್ರ ಬಿಟ್ಟು, ಅದು ಕೂರುವ ಹಬ್, ಹಬ್ಬಿನ ಬೇರಿಂಗ್ ಕಡೆ ಹೊರಳಿ.

ಮೂರು ವಿಷಯ ತಿಳಿಸಿ. ಬ್ರೇಕ್ ಒತ್ತಿದಾಗ ನಡುಕ ಹೆಚ್ಚುತ್ತದೆಯೇ? ಆಕ್ಸಿಲರೇಟರ್ ಬಿಟ್ಟು ನ್ಯೂಟ್ರಲ್ ಮಾಡಿದರೆ ನಿಲ್ಲುತ್ತದೆಯೇ? ಪ್ರಯಾಣಿಕರಿಗೂ ಗೊತ್ತಾಗುತ್ತದೆಯೇ?

ಹುಬ್ಬಳ್ಳಿ, ಟೈರ್ ಅಂಗಡಿ:
ಹಿಂದಿನವು ರಿಸೋಲ್ ಟೈರ್, ಅಂದರೆ ಸವೆದ ಮೇಲೆ ಹೊಸ ಪಟ್ಟಿ ಅಂಟಿಸಿದವು ಆಗಿದ್ದರೆ ಮುಂದಕ್ಕೆ ತರಲೇಬೇಡಿ, ಪರೀಕ್ಷೆಗೂ ಬೇಡ. ಹೆದ್ದಾರಿ ವೇಗದಲ್ಲಿ ಮುಂದಿನ ಚಕ್ರದ ಪಟ್ಟಿ ಕಿತ್ತುಬಂದರೆ ಸ್ಟೀರಿಂಗ್ ಕೈಲಿ ನಿಲ್ಲುವುದಿಲ್ಲ. ಸ್ಟೆಪ್ನಿ ಚೆನ್ನಾಗಿದ್ದರೆ ಅದನ್ನೇ ಸರದಿಯ ಮೇಲೆ ಎಡಕ್ಕೆ, ಬಲಕ್ಕೆ ಹಾಕಿ ನೋಡಿ.

ತುಮಕೂರು, ಪ್ರವಾಸಿ ವಾಹನದ ಮಾಲೀಕರು:
ಹಿಂದಿನವು ರಿಸೋಲ್ ಟೈರ್‌ಗಳೇ. ಹೇಳಿದ್ದು ಒಳ್ಳೆಯದಾಯಿತು. ಬ್ರೇಕ್ ಒತ್ತಿದರೆ ವ್ಯತ್ಯಾಸವಿಲ್ಲ. ನ್ಯೂಟ್ರಲ್ ಮಾಡಿದರೂ ವೇಗ ಇಳಿಯುವವರೆಗೆ ನಡುಗುತ್ತದೆ. ಹಿಂದೆ ಕೂತವರಿಗೆ ಏನೂ ಗೊತ್ತಾಗುವುದಿಲ್ಲ. ಎಡಚಕ್ರದ ಒಳಗೆ ಮಣ್ಣಿತ್ತು. ಕೆತ್ತಿ ತೆಗೆದ ಮೇಲೆ ನಡುಕ ತಗ್ಗಿದೆ, ಪೂರ್ತಿ ಹೋಗಿಲ್ಲ. ಅಷ್ಟು ಮಣ್ಣು ಇಷ್ಟು ದೊಡ್ಡ ಗಾಡಿಯನ್ನು ಅಲ್ಲಾಡಿಸುತ್ತದೆಯೇ ಎಂಬುದೇ ಆಶ್ಚರ್ಯ.

ಬೆಂಗಳೂರು, ಮೆಕ್ಯಾನಿಕಲ್ ಎಂಜಿನಿಯರಿಂಗ್ ಉಪನ್ಯಾಸಕಿ:
ಲೆಕ್ಕ ಹಾಕಿದರೆ ಆಶ್ಚರ್ಯ ಉಳಿಯುವುದಿಲ್ಲ. ನಿಮ್ಮ ಟೈರಿನ ಸುತ್ತಳತೆ ಸುಮಾರು ಎರಡೂವರೆ ಮೀಟರ್. ಗಂಟೆಗೆ 72 ಕಿ.ಮೀ. ಎಂದರೆ ಸೆಕೆಂಡಿಗೆ 20 ಮೀಟರ್. ಅಂದರೆ ಚಕ್ರ ಸೆಕೆಂಡಿಗೆ ಎಂಟು ಸುತ್ತು ಹಾಕುತ್ತದೆ. ರಿಮ್ಮಿನ ಅಂಚಿನಲ್ಲಿ 100 ಗ್ರಾಂ ಮಣ್ಣು ಒಂದೇ ಕಡೆ ಇದ್ದರೆ ಆ ವೇಗದಲ್ಲಿ ಅದು ಸುಮಾರು ಐದು ಕೆಜಿ ತೂಕದಷ್ಟು ಬಲದಿಂದ ಚಕ್ರವನ್ನು ಜಗ್ಗುತ್ತದೆ, ಅದೂ ಸೆಕೆಂಡಿಗೆ ಎಂಟು ಸಲ ದಿಕ್ಕು ಸುತ್ತುತ್ತ. ಬಲವು ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 36ರ ವೇಗದಲ್ಲಿ ಅದೇ ಮಣ್ಣಿನ ಎಳೆತ ಒಂದೂಕಾಲು ಕೆಜಿ ಮಾತ್ರ. ಊರೊಳಗೆ ಗೊತ್ತಾಗದಿರುವುದು ಸಹಜ.

ಇದರ ಮೇಲೆ ಅನುರಣನ ಬೇರೆ. ಆಕ್ಸಲ್, ಸ್ಪ್ರಿಂಗ್, ಸ್ಟೀರಿಂಗ್ ಸರಳುಗಳು ಸೇರಿ ತಮ್ಮದೇ ಆದ ಒಂದು ಸಹಜ ಕಂಪನ ಇಟ್ಟುಕೊಂಡಿರುತ್ತವೆ. ಚಕ್ರದ ಸುತ್ತು ಅದಕ್ಕೆ ತಾಳೆಯಾದಾಗ ನಡುಕ ಉಬ್ಬುತ್ತದೆ, ದಾಟಿದರೆ ತಗ್ಗುತ್ತದೆ. ಗವರ್ನರ್ ಇರುವ ಗಾಡಿಯವರ ಕಷ್ಟವೆಂದರೆ, ಉಬ್ಬುವುದು ಕಾಣುತ್ತದೆ, ತಗ್ಗುವುದು ಕಾಣುವುದಿಲ್ಲ. ಹಾಗಾಗಿ ವೇಗ ಹೆಚ್ಚಿದಷ್ಟೂ ಹೆಚ್ಚಾಗುತ್ತಿದೆ ಎಂಬ ಹೆದರಿಕೆ ಹುಟ್ಟುತ್ತದೆ.

ಚಿತ್ರದುರ್ಗ, ಫಿಟ್ಟರ್:
ಹಿಂದೆ ಗೊತ್ತಾಗುವುದಿಲ್ಲ ಎಂದಿರಿ, ಹಾಗಾಗಿ ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಬಹುಮಟ್ಟಿಗೆ ಹೊರಗಾಯಿತು. ಶಾಫ್ಟ್ ಚಕ್ರಕ್ಕಿಂತ ನಾಲ್ಕೈದು ಪಟ್ಟು ವೇಗವಾಗಿ ಸುತ್ತುವುದರಿಂದ ಅದರ ನಡುಕ ನೆಲದಲ್ಲಿ ಗುಂಯ್ ಎನ್ನುತ್ತದೆ, ಸ್ಟೀರಿಂಗಿನಲ್ಲಿ ತೂಗುವುದಿಲ್ಲ. ಬ್ರೇಕಿಗೆ ಸಂಬಂಧ ಇದ್ದಿದ್ದರೆ ಡ್ರಮ್ ಓವಲ್ ಆಗಿದೆಯೇ ನೋಡಿ ಎನ್ನುತ್ತಿದ್ದೆ. ಅದೂ ಅಲ್ಲ.

ಮಂಗಳೂರು, ನಿವೃತ್ತ ಬಸ್ ಚಾಲಕರು:
ಎಲ್ಲರೂ ಚಕ್ರದ ಮಾತಾಡುತ್ತಿದ್ದೀರಿ. ಇಡೀ ಆಕ್ಸಲ್ ಇರುವ ಗಾಡಿಯಲ್ಲಿ ಕಿಂಗ್ ಪಿನ್, ಅಂದರೆ ಮುಂದಿನ ಚಕ್ರ ಎಡಬಲಕ್ಕೆ ಹೊರಳುವ ಗೂಟ, ಅದನ್ನು ನೋಡದೆ ಬಿಡಬಾರದು. ಶಿರಾಡಿ ಘಾಟಿಯಲ್ಲಿ ವರ್ಷಗಟ್ಟಲೆ ಬಸ್ ಓಡಿಸಿದವನು ನಾನು; ಆ ತಿರುವುಗಳಲ್ಲಿ ಕಿಂಗ್ ಪಿನ್ ಬುಷ್‌ಗೆ ಬಿಡುವೇ ಇಲ್ಲ. ಗ್ರೀಸ್ ಕಾಣದ ಬುಷ್ ಸವೆಯುವುದು ಯಾರಿಗೂ ಕೇಳಿಸುವುದಿಲ್ಲ.

ಪರೀಕ್ಷೆ ಸುಲಭ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಆಕ್ಸಲ್ ಅಡಿಗೆ ಜಾಕ್ ಇಟ್ಟು ಒಂದು ಚಕ್ರ ಎತ್ತಿ, ಸ್ಟ್ಯಾಂಡ್ ಕೊಡಿ. ಚಕ್ರದ ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ಕಟಕ್ ಎಂದಿತೇ? ಈಗ ಕ್ಲೀನರ್‌ಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಸದ್ದು ನಿಂತರೆ ಹಬ್ ಬೇರಿಂಗ್ ಸಡಿಲ. ಆಗಲೂ ಕಟಕ್ ಎಂದರೆ ಕಿಂಗ್ ಪಿನ್. ಸ್ಟೀರಿಂಗಿನ ಸರಳುಗಳಾದ ಟೈ ರಾಡ್, ಡ್ರ್ಯಾಗ್ ಲಿಂಕ್‌ಗಳ ತುದಿಗಳನ್ನು ಮಾತ್ರ ಚಕ್ರ ನೆಲದ ಮೇಲಿರುವಾಗಲೇ ನೋಡಬೇಕು. ಒಬ್ಬರು ಸ್ಟೀರಿಂಗನ್ನು ಎಡಬಲ ಚುಟುಕಾಗಿ ಆಡಿಸಲಿ, ನೀವು ಅಂಗೈಯನ್ನು ಜಾಯಿಂಟಿನ ಮೇಲೆ ಇಟ್ಟುಕೊಳ್ಳಿ. ಸರಳು ಅಲ್ಲಾಡಿದ ಮೇಲೆ ತಡವಾಗಿ ಮುಂದಿನ ಭಾಗ ಅಲ್ಲಾಡಿದರೆ ಅಂಗೈಗೇ ಗೊತ್ತಾಗುತ್ತದೆ. ಇತ್ತೀಚೆಗೆ ಸ್ಪ್ರಿಂಗ್ ಪ್ಲೇಟ್ ಕೆಲಸ ಮಾಡಿಸಿದ್ದೀರಾ? ಆಕ್ಸಲ್ ಮತ್ತು ಸ್ಪ್ರಿಂಗ್ ನಡುವಿನ ಬೆಣೆಯನ್ನು ತಿರುಗುಮುರುಗು ಹಾಕಿದರೆ ಕ್ಯಾಸ್ಟರ್ ಕೋನ (ಕಿಂಗ್ ಪಿನ್ ಹಿಂದಕ್ಕೆ ವಾಲಿರುವ ಅಳತೆ) ಕೆಟ್ಟು ಸ್ಟೀರಿಂಗ್ ನೆಟ್ಟಗೆ ನಿಲ್ಲುವ ಗುಣವನ್ನೇ ಕಳೆದುಕೊಳ್ಳುತ್ತದೆ.

ಸೇತುವೆಯ ಜಾಯಿಂಟ್ ಹಾರಿದ ಕೂಡಲೇ ಸ್ಟೀರಿಂಗ್ ಎಡಬಲಕ್ಕೆ ಬಡಿದಾಡಿ, ವೇಗ ಇಳಿಸುವವರೆಗೂ ನಿಲ್ಲದಿದ್ದರೆ ಅದು ಬೇರೆಯೇ ಜಾತಿಯ ಕಾಯಿಲೆ. ಸಡಿಲ ಭಾಗಗಳೆಲ್ಲ ಸೇರಿ ಎಬ್ಬಿಸುವ ಕುಣಿತ ಅದು. ಆ ಗಾಡಿಗೆ ಜನ ಹತ್ತಿಸಬಾರದು.

ಹುಬ್ಬಳ್ಳಿ, ಟೈರ್ ಅಂಗಡಿ:
ಹಿರಿಯರು ಹೇಳಿದ ಜಾಕ್ ಪರೀಕ್ಷೆ ಮಾಡುವಾಗಲೇ ಇನ್ನೊಂದು ಕೆಲಸ ಮುಗಿಸಿ. ಎತ್ತಿದ ಚಕ್ರದ ಪಕ್ಕ ನೆಲದ ಮೇಲೆ ಇಟ್ಟಿಗೆ ಇಟ್ಟು, ಅದರ ಮೇಲೊಂದು ಕಡ್ಡಿಯನ್ನು ರಿಮ್ಮಿನ ಅಂಚಿಗೆ ತಾಗುವಂತೆ ನಿಲ್ಲಿಸಿ ಚಕ್ರ ತಿರುಗಿಸಿ. ಕಡ್ಡಿಗೂ ರಿಮ್ಮಿಗೂ ನಡುವಿನ ಸಂದು ಒಂದು ಕಡೆ ಬಿಚ್ಚಿ ಇನ್ನೊಂದು ಕಡೆ ಮುಚ್ಚಿದರೆ ರಿಮ್ ಬಾಗಿದೆ, ಅಥವಾ ಹಬ್ಬಿನ ಮುಖಕ್ಕೆ ತುಕ್ಕು ಹಿಡಿದು ಚಕ್ರ ಓರೆಯಾಗಿ ಕೂತಿದೆ. ತಂತಿ ಬ್ರಷ್ಷಿನಿಂದ ತಿಕ್ಕಿ ಮತ್ತೆ ಕೂರಿಸಿ ನೋಡಿದ ಮೇಲೆಯೇ ರಿಮ್ಮನ್ನು ದೂರಿ. ಅದೇ ಕಡ್ಡಿಯನ್ನು ಟೈರಿನ ಮೇಲ್ಮೈಗೂ ಹಿಡಿಯಿರಿ. ಎಲ್ಲಾದರೂ ಊದಿಕೊಂಡಂತೆ ಕಂಡರೆ ಒಳಗಿನ ಉಕ್ಕಿನ ಪಟ್ಟಿ ಬಿಟ್ಟಿದೆ. ಅಂಥ ಟೈರಿಗೆ ಬ್ಯಾಲೆನ್ಸಿಂಗ್ ಮಾಡಿಸಿ ಪ್ರಯೋಜನವಿಲ್ಲ, ಸ್ಟೆಪ್ನಿಯಾಗಿಯೂ ಇಟ್ಟುಕೊಳ್ಳಬೇಡಿ.

ನಟ್‌ಗಳನ್ನು ಸಾಲಾಗಿ ಬಿಗಿಯದೆ ಎದುರುಬದುರಾಗಿ ಬಿಗಿಯಿರಿ, ಚಕ್ರ ಇನ್ನೂ ಗಾಳಿಯಲ್ಲಿರುವಾಗ ಅರ್ಧ, ಇಳಿಸಿದ ಮೇಲೆ ಪೂರ್ತಿ. ಐವತ್ತು–ನೂರು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ. ಶಿರಾದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಮಾಡಿದರೆ ಸರಿಹೋಗುತ್ತದೆ.