ಸಹಾಯ ಬೇಕು: ಅರಿಸ್ಟಾಟಲ್, ಕಾಂಟ್ ಇಬ್ಬರೂ ಸರಿ ಆಗೋದು ಹೇಗೆ?

ನಮಸ್ಕಾರ. ತತ್ವಶಾಸ್ತ್ರದ ಪರೀಕ್ಷೆಗೆ ಓದುತ್ತಿದ್ದೇನೆ. ಸದ್ಗುಣದ ಪಾಠದಲ್ಲಿ ಒಂದು ಕಡೆ ಪೂರ್ತಿ ಸಿಕ್ಕಿಕೊಂಡಿದ್ದೇನೆ.

ಅರಿಸ್ಟಾಟಲ್ ಪ್ರಕಾರ ಸದ್ಗುಣ ಅಭ್ಯಾಸದಿಂದ ಬೆಳೆಯುವ ಸ್ವಭಾವ. ಒಳ್ಳೆಯ ಕೆಲಸ ಮಾಡುವಾಗ ಖುಷಿ ಆದರೆ ಗುಣ ಬೇರೂರಿದೆ ಅಂತ ಅರ್ಥ. ಆಸೆಯ ಜೊತೆ ಗುದ್ದಾಡಿ ಸರಿಯಾದದ್ದನ್ನು ಮಾಡುವವನು ಸಂಯಮಿ ಅಷ್ಟೇ, ಸದ್ಗುಣಿಗಿಂತ ಒಂದು ಮೆಟ್ಟಿಲು ಕೆಳಗೆ. ಇಲ್ಲಿಯವರೆಗೆ ಸರಿ.

ಆದರೆ 1785ರಲ್ಲಿ ಜರ್ಮನ್ ತತ್ವಜ್ಞಾನಿ ಕಾಂಟ್ ಇದಕ್ಕೆ ಉಲ್ಟಾ ಹೇಳಿದ ಹಾಗೆ ಕಾಣುತ್ತದೆ. ಸ್ವಂತ ದುಃಖದಲ್ಲಿ ಮುಳುಗಿ ಕನಿಕರವೇ ಉಳಿಯದವನು ಬರೀ ಕರ್ತವ್ಯ ಅಂತ ಸಹಾಯ ಮಾಡಿದರೆ, ಆಗಲೇ ಅದಕ್ಕೆ ನಿಜವಾದ ನೈತಿಕ ಬೆಲೆಯಂತೆ. ಖುಷಿಯಿಂದ ಮಾಡಿದ್ದಕ್ಕೆ ಹೊಗಳಿಕೆ ಮಾತ್ರ. (ಪಾಪ, ಹುಟ್ಟಾ ಒಳ್ಳೆಯವನು ಏನು ತಪ್ಪು ಮಾಡಿದ?)

ಸದ್ಗುಣದ ಬಗ್ಗೆ ಬರೆದ 20ನೇ ಶತಮಾನದ ಬ್ರಿಟಿಷ್ ತತ್ವಜ್ಞಾನಿ ಫಿಲಿಪಾ ಫುಟ್ ಅವರನ್ನೂ ಓದಿದೆ. ಪರಿಸ್ಥಿತಿಯಿಂದ ಕಷ್ಟವಾದರೆ ಸದ್ಗುಣ ಜಾಸ್ತಿ ಬೇಕು, ಸ್ವಭಾವದ ಕೊರತೆಯಿಂದ ಕಷ್ಟವಾದರೆ ಸದ್ಗುಣವೇ ಕಡಿಮೆ ಅನ್ನುತ್ತಾರೆ. ಅರ್ಧ ಗಂಟು ಬಿಚ್ಚಿತು. ಆದರೆ ಕನಿಕರ ಹುಟ್ಟಿನಿಂದಲೇ ಕಡಿಮೆ ಇರುವವನ ಉದಾಹರಣೆಯನ್ನೂ ಕಾಂಟ್ ಕೊಡುತ್ತಾನಲ್ವಾ? ಅಲ್ಲಿ ಕಷ್ಟ ಸ್ವಭಾವದ್ದೇ, ಆದರೂ ಕರ್ತವ್ಯ ಅಂತ ಮಾಡಿದ್ದಕ್ಕೆ ಬೆಲೆ ಇದೆ ಅನ್ನುತ್ತಾನೆ.

ನನ್ನ ಪ್ರಶ್ನೆ ಇಷ್ಟೇ: ಕಾಂಟ್ ಒಂದು ಕೆಲಸದ ಬೆಲೆ ಅಳೆಯುತ್ತಿದ್ದಾನೆ, ಅರಿಸ್ಟಾಟಲ್ ಇಡೀ ಮನುಷ್ಯನನ್ನು ಅಳೆಯುತ್ತಿದ್ದಾನೆ, ಹಾಗಾಗಿ ಜಗಳವೇ ಇಲ್ಲ ಅಂತ ಬರೆದರೆ ಸರಿಯಾ? ಇಲ್ಲ ಅಂದರೆ ನಿಜವಾದ ಭಿನ್ನಾಭಿಪ್ರಾಯ ಎಲ್ಲಿದೆ?