ಸಹಾಯ ಬೇಕು: ತೂಕ ಇಳಿದ ಮೇಲೆ ಮುಟ್ಟು ನಿಂತಿದೆ

ನಾನು ಶಿರಸಿ ಸಮೀಪದ ಹಳ್ಳಿಯವಳು, ವಯಸ್ಸು 27, ಎತ್ತರ 162 ಸೆಂ.ಮೀ. ರಾತ್ರಿಯೂಟವನ್ನು ಪೂರ್ತಿ ಬಿಟ್ಟು, ಮಧ್ಯಾಹ್ನದ ಅನ್ನವನ್ನು ಒಂದು ಸೌಟಿಗೆ ಇಳಿಸಿ, ದಿನವೂ ಒಂದೂವರೆ ಗಂಟೆ ಓಡಿ, 6 ತಿಂಗಳಲ್ಲಿ 64 ಕಿಲೋ ಇದ್ದ ತೂಕವನ್ನು 51ಕ್ಕೆ ತಂದೆ. ತಿಂಗಳಿಗೊಮ್ಮೆ ತಪ್ಪದೆ ಬರುತ್ತಿದ್ದ ಮುಟ್ಟು ಮೊದಲು 40 ದಿನಕ್ಕೆ ಜಾರಿತು. ಈಗ 3 ತಿಂಗಳಿಂದ ಬಂದೇ ಇಲ್ಲ. ಗರ್ಭಧಾರಣೆಯಿಲ್ಲ, ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನ್) ಪರೀಕ್ಷೆಗಳೂ ಸರಿಯಾಗಿವೆ.

ದೇಹಕ್ಕೆ ಸಾಕಷ್ಟು ಶಕ್ತಿ ಸಿಗದಿದ್ದಾಗ ಮೈಯ ಕೊಬ್ಬಿನಿಂದ ಬರುವ ಲೆಪ್ಟಿನ್ ಎಂಬ ಹಾರ್ಮೋನ್ ಕುಸಿದು, ಮೆದುಳಿನ ಹೈಪೋಥಲಾಮಸ್ ಅಂಡಾಶಯವನ್ನು ಚುರುಕಾಗಿಡುವ ಸಂಕೇತಗಳನ್ನು ತಗ್ಗಿಸುವುದರಿಂದ ಅಂಡೋತ್ಪತ್ತಿಯೇ ನಿಲ್ಲಬಹುದೆಂದೂ, ತೂಕ ಸಹಜ ಮಿತಿಯಲ್ಲಿದ್ದರೂ ಹೀಗಾಗುತ್ತದೆಂದೂ ವೈದ್ಯರು ವಿವರಿಸಿದರು. ಅಂಡಾಶಯದಿಂದ ಬರುವ ಈಸ್ಟ್ರೋಜನ್ ಹಾರ್ಮೋನ್ ಬಹುಕಾಲ ಕಡಿಮೆಯಿದ್ದರೆ ಮೂಳೆಗಳು ಸವೆಯುತ್ತವೆ ಎಂಬ ಮಾತು ನನ್ನನ್ನು ನಿಜಕ್ಕೂ ಹೆದರಿಸಿದೆ. "ಉಣ್ಣದೆ ಮೈ ಒಣಗಿಸಿಕೊಂಡೆ" ಎಂದು ಆಯಿ ಮೊದಲಿನಿಂದಲೂ ಹೇಳುತ್ತಿದ್ದಳು. ಅವಳ ಮಾತು ಸರಿಯಾಗಿತ್ತು.

ಇಂಥ ಅನುಭವವಾದವರು ದಯವಿಟ್ಟು ತಿಳಿಸಿ: ಓಟವನ್ನು ಎಷ್ಟು ತಗ್ಗಿಸಿದಿರಿ, ನಮ್ಮ ಮನೆಯೂಟದಲ್ಲೇ ಏನೇನು ಹೆಚ್ಚಿಸಿದಿರಿ, ಮುಟ್ಟು ಮರಳಲು ಎಷ್ಟು ತಿಂಗಳು ಹಿಡಿಯಿತು? ಮಾತ್ರೆ ನುಂಗಿ ಬರಿಸಿದ ಸ್ರಾವದಿಂದ ಅಂಡೋತ್ಪತ್ತಿ ಮರಳಿದೆ ಎಂದಾಗುವುದಿಲ್ಲವಾದ್ದರಿಂದ ಮೂಲ ಕಾರಣವನ್ನೇ ಸರಿಪಡಿಸಿಕೊಳ್ಳಬೇಕೆಂದಿದ್ದೇನೆ. ಶಿರಸಿ, ಕುಮಟಾ ಅಥವಾ ಕಾರವಾರದಲ್ಲಿ ತಾಳ್ಮೆಯಿಂದ ಕೇಳಿಸಿಕೊಳ್ಳುವ ಸ್ತ್ರೀರೋಗ ತಜ್ಞೆ ಮತ್ತು ಆಹಾರ ತಜ್ಞರಿದ್ದರೆ ಖಾಸಗಿಯಾಗಿ ತಿಳಿಸಿದರೂ ಸಾಕು.